ಹುಲ್ಲುಹಾಸಿನ ಅಣಬೆಗೆ ಗುರುತಿನ ಪತ್ರ

ಠಾಣೆ ನಗರದ ಘೋಡಬಂದರ್ ರಸ್ತೆಯ ಹರಿತಶ್ರೀ ವಸತಿ ಸೊಸೈಟಿಯ ಹುಲ್ಲುಹಾಸಿನಲ್ಲಿ ೨೦೧೨ರ ಜೂನ್ ಕೊನೆಯ ವಾರ, ಯಾವುದೇ ಪೂರ್ವಾನುಮತಿಯಿಲ್ಲದೆ, ನಲವತ್ತೊಂದು ಅಣಬೆಗಳು ವಾಸ್ತವ್ಯ ಹೂಡಿದವು.

ಮೊದಲು ಕಂಡದ್ದು ಮೂರನೇ ಮಹಡಿಯ ವಸಂತಿಗೆ. ಕಾರ್ಕಳದ ಕಡೆಯವಳು, ಗೆದ್ದಲು ಮಣ್ಣಿನಲ್ಲಿ ಏಳುವ ಆ ಅಣಬೆಯನ್ನು ತಾಯಿಯ ಜೊತೆ ಹೆಕ್ಕಿ ಬೆಳೆದವಳು. ಮದುವೆಯಾಗಿ ಠಾಣೆಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಅದರ ಕಾಯಿಮಸಾಲೆಯ ಗಸಿ ಬಾಯಿಗೆ ಬಿದ್ದಿರಲಿಲ್ಲ. ಬುಟ್ಟಿ ಹಿಡಿದು ಇಳಿಯುವಾಗಲೇ ಅವಳ ಬಾಯಲ್ಲಿ ನೀರೂರಿತ್ತು.

ಸೆಕ್ರೆಟರಿ ಶಂಕರೆಪ್ಪ ಅಡ್ಡ ಬಂದರು. ಬಾಗಲಕೋಟೆಯವರು, ನಿಯಮದ ವಿಷಯದಲ್ಲಿ ಸ್ವಂತ ಅಳಿಯನನ್ನೂ ಗೇಟಿನಲ್ಲಿ ನಿಲ್ಲಿಸಿದವರು. ಹೊಸದಾಗಿ ಬಂದು ನೆಲೆಸುವವರು ಯಾರೇ ಆಗಲಿ, ಬಾಡಿಗೆದಾರರಂತೆ ಅರ್ಜಿ, ಎರಡು ಫೋಟೋ, ಗುರುತಿನ ಪತ್ರ ಆಗಲೇಬೇಕು ಎಂದರು.

"ಇದು ನಾಳೆ ಸಂಜೆಗೆ ಕೊಳೆತು ಹೋಗ್ತದೆ ಮಾರಾಯ್ರೆ," ಎಂದಳು ವಸಂತಿ.

"ಕೊಳೀಲಿ ಬಿಡ್ರಿ. ಕಾಗದ ಕೊಳ್ಯಾಂಗಿಲ್ಲಲ್ಲ."

ವಸಂತಿ ಅರ್ಜಿ ಬರೆದಳು. ಅದರ ಮೇಲೆ ಕರೆದ ಸಮಿತಿ ಸಭೆಗೆ ಐವರೇ ಬಂದದ್ದರಿಂದ ಕೋರಂ ಆಗಲಿಲ್ಲ. ಪದ್ಧತಿಯಂತೆ ಅರ್ಧ ಗಂಟೆ ಮುಂದೂಡಿ, ಕೋರಂ ಬೇಕಿಲ್ಲದ ಸಭೆಯನ್ನು ಅದೇ ಐವರು ನಡೆಸಿದರು. ಅಣಬೆ ತಿನ್ನತಕ್ಕದ್ದೆಂದು ಎರಡರ ವಿರುದ್ಧ ಮೂರು ಮತಗಳಿಂದ ತೀರ್ಮಾನವಾಯಿತು. ಹಾಗೆಂದು ಬರೆದ ಗುರುತಿನ ಪತ್ರ ತಯಾರಾಗಲು ಹದಿನಾರು ದಿನ ಹಿಡಿಯಿತು. ಅಷ್ಟರಲ್ಲಿ ಅಣಬೆಗಳು ಕರಗಿ ಹೋಗಿ, ಪಕ್ಕದಲ್ಲೇ ಬೇರೊಂದು ಜಾತಿಯವು, ತಟ್ಟೆಯಗಲದವು, ಎದ್ದಿದ್ದವು. ಸಮಿತಿ ಇವನ್ನು ಮೃತರ ನಾಮಿನಿಗಳೆಂದು ದಾಖಲಿಸಿ, ಪತ್ರವನ್ನು ಇವುಗಳ ಹೆಸರಿಗೆ ವರ್ಗಾಯಿಸಿತು. ಆ ಸಂತೋಷಕ್ಕೆ ಭಾನುವಾರ ಸಹಭೋಜನವೂ ನಿಗದಿಯಾಯಿತು.

ವಸಂತಿ ಒಂದನ್ನು ಮಗುಚಿ ನೋಡಿದಳು. ಅಡಿಯಲ್ಲಿ ಹಸಿರು ಛಾಯೆ.

"ಇದು ಅದಲ್ಲ, ಇದು ವಿಷ. ದಮ್ಮಯ್ಯ, ತಿನ್ಬೇಡಿ."

"ತಿನ್ನತಕ್ಕದ್ದು ಅಂತ ಪತ್ರದಾಗ ಐತಿ. ಅರ್ಜಿ ನಿಮ್ದಽ ಐತಿ," ಎಂದು ಶಂಕರೆಪ್ಪ ಅವಳ ಸಹಿ ತೋರಿಸಿದರು.

ಸಹಭೋಜನದ ನಂತರ ಹನ್ನೊಂದು ಮಂದಿ ಆಸ್ಪತ್ರೆ ಸೇರಿದರು. ದೇವರು ದೊಡ್ಡವನು, ಎಲ್ಲರೂ ಬದುಕಿ ಬಂದರು. ನಿರ್ಣಯ ಈಗಲೂ ಜಾರಿಯಲ್ಲಿದೆಯೆಂದೂ, ವಾಂತಿಯು ಸದಸ್ಯರ ವೈಯಕ್ತಿಕ ವಿಷಯವೆಂದೂ ಮುಂದಿನ ಸಭೆ ದಾಖಲಿಸಿತು. ಊಟಕ್ಕೆ ಮುಂಚೆ ವಿಷವೆಂದು ಹೇಳಿ ಸದಸ್ಯರ ಮನೋಬಲ ಕುಗ್ಗಿಸಿದ್ದಕ್ಕಾಗಿ ವಸಂತಿಗೆ ನೋಟಿಸು ಹೋಯಿತು. ವಾಂತಿ ಮಾಡಿಕೊಂಡ ಹನ್ನೊಂದು ಮಂದಿಯೂ ಕೈ ಎತ್ತಿ ಒಪ್ಪಿದರು.

ಮರುವರ್ಷ ಜೂನಿನಲ್ಲಿ ಗೆದ್ದಲು ಮಣ್ಣಿನಿಂದ ಮೊದಲಿನ ಅಣಬೆಗಳೇ ಮತ್ತೆ ಎದ್ದವು. ವಸಂತಿ ಈ ಸಲ ಬುಟ್ಟಿ ತರಲಿಲ್ಲ. ನೆಟ್ಟಗೆ ಸೊಸೈಟಿ ಆಫೀಸಿಗೆ ಹೋಗಿ ಫಾರಂ ತುಂಬಿ, ಅಣಬೆಯ ಎರಡು ಫೋಟೋ ಅಂಟಿಸಿ, ಶಂಕರೆಪ್ಪನವರ ಮುಂದಿಟ್ಟಳು.

"ಎದುರಿಂದ ತೆಗ್ದದ್ದು ಸಾಕಾ," ಎಂದು ಕೇಳಿದಳು, "ಬದಿಯಿಂದ ತೆಗ್ದದ್ದೂ ಬೇಕಾ?"