ಮನೆ ಒಗ್ಗಿಸುತ್ತಿದ್ದ ನಮ್ಮ ಮಾವ

ಹುಚ್ಚು ಹಿಡಿದಿದ್ದು ನಮ್ಮ ಮಾವನಿಗೋ, ಅವರನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿದ್ದ ನಮಗೋ ಎನ್ನುವುದು ನನಗೆ ಮದುವೆಯಾದ ವರ್ಷವೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಮಾವ ಎಂದರೆ ಗಂಡನ ತಂದೆಯಲ್ಲ, ಗಂಡನ ಸೋದರಮಾವ. ಪೂರಿಗಾಲಿಯ ಬೇಸಾಯಗಾರರು. ಆರಡಿ ಆಳು, ಗಿರಿಜಾ ಮೀಸೆ, ತಲೆಗೆ ಕೆಂಪಂಚಿನ ರುಮಾಲು. ನೋಡಿದವರು ಯಾವುದೋ ಊರಿನ ನ್ಯಾಯ ತೀರಿಸಲು ಹೊರಟಿದ್ದಾರೆ ಎಂದುಕೊಳ್ಳಬೇಕು. ಅವರು ಹೊರಟಿರುತ್ತಿದ್ದದ್ದು ಯಾರದೋ ಅಡಿಗೆಮನೆಯ ಉಪ್ಪಿನ ಜಾಡಿಯನ್ನು ಎಡಗಡೆಯಿಂದ ಬಲಗಡೆಗೆ ಇಡುವುದಕ್ಕೆ.

ಸುಳ್ಳು ಹೇಳುತ್ತಿಲ್ಲ. ಯಾರ ಮನೆಗೆ ಹೋದರೂ ಮೊದಲ ದಿನ ಅವರು ಏನೂ ಮಾಡುತ್ತಿರಲಿಲ್ಲ. ಒಂದು ಮೂಲೆಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಮನೆಯವರ ಕಾಲುಗಳನ್ನು ನೋಡುತ್ತಿದ್ದರು. ಮುಖವನ್ನಲ್ಲ, ಕಾಲುಗಳನ್ನು. ಯಾರು ಎಲ್ಲಿ ಬಳಸಿ ನಡೆಯುತ್ತಾರೆ, ಎಲ್ಲಿ ಎಡವುತ್ತಾರೆ, ಯಾವ ಮೂಲೆಗೆ ಹೋಗುವುದೇ ಇಲ್ಲ, ಇದೆಲ್ಲ ಅವರಿಗೆ ಲೆಕ್ಕಕ್ಕೆ ಬರಬೇಕು. ಮಾರನೆಯ ದಿನ ರುಮಾಲು ಬಿಚ್ಚಿ ಗೂಟಕ್ಕೆ ತಗುಲಿಹಾಕಿ, "ಈ ಮನೆ ನಿಮಗೆ ಒಗ್ಗಿಲ್ಲ ಕಣ್ರವ್ವ" ಎಂದು ಪಂಚೆ ಎತ್ತಿ ಕಟ್ಟಿದರೆಂದರೆ ಮುಗಿಯಿತು. ಸಂಜೆ ಹೊತ್ತಿಗೆ ಆ ಮನೆಯಲ್ಲಿ ಗಂಡನಿಗೆ ಅಂಗಿ ಸಿಗುತ್ತಿರಲಿಲ್ಲ, ಹೆಂಡತಿಗೆ ಸಾಸಿವೆ ಸಿಗುತ್ತಿರಲಿಲ್ಲ. ಬೆಕ್ಕಿಗೆ ಮಾತ್ರ ಹಾಲು ಸಿಗುತ್ತಿತ್ತು.

ನಾನು ವೈದ್ಯನಾಥಪುರದಿಂದ ಮದುವೆಯಾಗಿ ಮಂಡ್ಯಕ್ಕೆ ಬಂದಾಗ ಯುದ್ಧ ಶುರುವಾಗಿತ್ತು. ನಮ್ಮವರಿಗೆ ಗುಮಾಸ್ತೆ ಕೆಲಸ, ವಾಸಕ್ಕೆ ಬಾಡಿಗೆಯ ಸಾಲುಮನೆ. ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದ ಹನ್ನೆರಡು ಮನೆಗಳು. ತೊಟ್ಟಿಮನೆಯಲ್ಲಿ ಹತ್ತು ಜನರ ನಡುವೆ ಬೆಳೆದ ನನಗೆ ಆ ಎರಡು ಕೋಣೆಗಳಲ್ಲಿ ಎಲ್ಲಿ ಕೂರಬೇಕೆಂದೇ ಗೊತ್ತಾಗುತ್ತಿರಲಿಲ್ಲ. ನಮ್ಮವರು ಬಲು ಅಭಿಮಾನದಿಂದ ಮೈಸೂರಿನಿಂದ ಒಂದು ಮೇಜು ತರಿಸಿ ಹೊರಕೋಣೆಯ ನಡುಮಧ್ಯೆ ಇಟ್ಟಿದ್ದರು. ಅದರ ಮೇಲೆ ಒಂದು ಮಸಿಕುಡಿಕೆ. ಬಂದವರು ಮೇಜನ್ನು ನೋಡಿ ಹೆದರಿ ಹೊರಗಿನ ಜಗಲಿಯ ಮೇಲೆಯೇ ಕೂರುತ್ತಿದ್ದರು, ಯಾವುದೋ ಕಚೇರಿಗೆ ಅರ್ಜಿ ಕೊಡಲು ಬಂದವರ ಹಾಗೆ.

ಮಾವ ಮೊದಲ ಸಲ ಬಂದವರು ಒಂದು ದಿನವೆಲ್ಲ ನಮ್ಮ ಕಾಲು ನೋಡಿದರು. ಮಾರನೆಯ ದಿನ ನಮ್ಮವರು ಕೆಲಸ ಮುಗಿಸಿ ಬಂದಾಗ ಹೊರಕೋಣೆಯಲ್ಲಿ ಚಾಪೆ ಹಾಸಿತ್ತು, ಅದರ ಮೇಲೆ ಪಕ್ಕದ ಮನೆಗಳ ನಾಲ್ಕು ಹೆಂಗಸರು ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ನನ್ನ ಮೇಜೆಲ್ಲಿ ಮಾವ?"

"ಅಡಿಗೆಮನೇಲಿ ಮಡಗಿವ್ನಿ. ಇಲ್ಲಿ ಅದಕ್ಕೆ ಕೆಲ್ಸ ಇರ್ನಿಲ್ಲ, ಅಲ್ಲಿ ಸಿಕ್ತು."

ನಿಜವೇ. ಮೇಜಿನ ಮೇಲೆ ನನ್ನ ಡಬ್ಬಗಳೆಲ್ಲ ಕೂತಿದ್ದವು. ನಮ್ಮವರು ಅಂದಿನಿಂದ ಪತ್ರ ಬರೆಯಬೇಕಾದರೆ ಅಡಿಗೆಮನೆಗೇ ಬರುತ್ತಿದ್ದರು. ಬರೆಯುತ್ತ ನನ್ನೊಡನೆ ನಾಲ್ಕು ಮಾತನ್ನೂ ಆಡುತ್ತಿದ್ದರು. ಅದುವರೆಗೆ ಅವರು ಅಷ್ಟು ಮಾತಾಡುವವರೆಂದು ನನಗೆ ಗೊತ್ತಿರಲಿಲ್ಲ. ಇದು ಮಾವ ಬೇಕೆಂದೇ ಮಾಡಿದ್ದೋ, ಮೇಜು ಆ ಬಾಗಿಲಲ್ಲಿ ಮಾತ್ರ ತೂರಿತೋ? ಕೇಳಿದರೆ ಮಾವ ಮೀಸೆ ಒರೆಸಿಕೊಂಡರು, ಅಷ್ಟೆ.

ಎರಡನೆಯ ಸಲ ಬಂದಾಗ ಒಂದು ಎಡವಟ್ಟಾಯಿತು. ಆಗ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸುಗಳು. ಮಳವಳ್ಳಿಯಿಂದ ಅದರಲ್ಲಿ ಕೂತು ಬಂದವರಿಗೆ ಕಣ್ಣು ಉರಿದು ದಾರಿಯೇ ಕಾಣುತ್ತಿರಲಿಲ್ಲ. ಹಾಗೆ ಕಣ್ಣುಜ್ಜಿಕೊಂಡು ಬಂದ ಮಾವ ನಮ್ಮ ಮನೆಯೆಂದು ಪಕ್ಕದ ಮೇಷ್ಟ್ರ ಮನೆಗೆ ಹೊಕ್ಕರು. ಮೇಷ್ಟ್ರ ಹೆಂಡತಿ ನೀರಿಗೆ ಹೋಗಿದ್ದರು. ಮಾವನಿಗೆ ಅಡಿಗೆಮನೆ ಕಂಡು ರೇಗಿಹೋಯಿತು. ತಾವು ಅಷ್ಟು ಕಷ್ಟಪಟ್ಟು ಹೊಂದಿಸಿದ್ದನ್ನು ಸೊಸೆ ಪೂರಾ ಕೆಡಿಸಿದ್ದಾಳೆ, ಮೇಜನ್ನು ಕೂಡ ಎಲ್ಲಿಗೋ ಸಾಗಿಸಿದ್ದಾಳೆ. ಬೈದುಕೊಂಡೇ ಎಲ್ಲವನ್ನೂ ಕೆಳಗಿಳಿಸಿ ಮತ್ತೆ ಜೋಡಿಸಿದರು.

ಮೇಷ್ಟ್ರ ಹೆಂಡತಿ ಕೊಡ ಹೊತ್ತುಕೊಂಡು ಬಂದರೆ ಒಲೆಯ ಮುಂದೆ ಗಿರಿಜಾ ಮೀಸೆಯ ಆಳು. ಆಕೆ ಕೂಗಿದ ಕೂಗಿಗೆ ನಾನು ಕೈಯಲ್ಲಿದ್ದ ಸೌಟಿನ ಸಮೇತ ಓಡಿದೆ.

"ನೀನ್ಯಾರವ್ವ? ನಮ್ಮ ಸೊಸೆ ಎಲ್ಲಿ?" ಎಂದು ಮಾವ ಆಕೆಯನ್ನೇ ಕೇಳುತ್ತಿದ್ದರು.

"ಇದು ನನ್ನ ಮನೆ. ನೀವ್ಯಾರು?"

ಮಾವ ಒಮ್ಮೆ ಆಕೆಯನ್ನು, ಒಮ್ಮೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಬೇರೆ ಯಾರಾದರೂ ತಪ್ಪಾಯಿತೆಂದು ಹೊರಗೆ ಬರುತ್ತಿದ್ದರು. ಮಾವ ಮಾತ್ರ, "ಅಂಗಾದ್ರೆ ಎಲ್ಲಾ ತಪ್ಪಾಯ್ತಲ್ಲ. ಇದನ್ನ ನಮ್ಮ ಸೊಸೆ ಎತ್ತರಕ್ಕೆ ಮಡಗಿವ್ನಿ, ನೀನು ಗಿಡ್ಡ ಇದ್ದೀಯ. ವಸಿ ತಡಿ" ಎಂದು ಮತ್ತೆ ಎಲ್ಲವನ್ನೂ ಇಳಿಸಲು ಕೂತರು. ಆಕೆ ಕೊಡವನ್ನು ಸೊಂಟದಿಂದ ಇಳಿಸುವುದನ್ನೂ ಮರೆತು ನೋಡುತ್ತ ನಿಂತಿದ್ದರು.

ಆಶ್ಚರ್ಯವೆಂದರೆ ಎರಡು ದಿನ ಬಿಟ್ಟು ಮೇಷ್ಟ್ರೇ ಬಂದು ಮಾವನನ್ನು ಕರೆದರು. ಹೆಂಡತಿಗೆ ಅಡಿಗೆಮನೆ ಹಿಡಿಸಿತ್ತಂತೆ. ಈಗ ಹೊರಕೋಣೆಯನ್ನೂ ನೋಡಬೇಕು. "ನೆಂಟರು ಬಂದರೆ ಕೂತ ಹಾಗೇ ಎದ್ದು ಹೋಗ್ತಾರೆ. ನಮ್ಮಲ್ಲೇನಾದರೂ ಕೊರತೆಯೇ?" ಎಂದು ಅವರಿಗೆ ಬೇಸರ. ಮಾವ ಒಳಗೆ ಕಾಲಿಟ್ಟವರೇ ಗೋಡೆ ಗಡಿಯಾರದ ಕಡೆ ಕೈ ತೋರಿಸಿದರು. "ಬಂದೋರ ಮೊಕಕ್ಕೇ ಮಡಗಿದ್ದೀಯಲ್ಲ ಮೇಷ್ಟ್ರೇ. ಅದು ಟಣ್ ಟಣ್ ಅಂತ ಓಗು ಓಗು ಅಂತದೆ. ಯಾರ್ ಕೂರ್ತಾರೆ?" ಗಡಿಯಾರ ಒಳಗಿನ ಕೋಣೆಗೆ ಹೋಯಿತು.

ತಿಂಗಳು ಕಳೆದು ಮಾವ ಮತ್ತೆ ಬಂದಾಗ ಮೇಷ್ಟ್ರು ಸೊರಗಿದ ಮುಖದಲ್ಲಿ ಬಂದರು. "ಗಡಿಯಾರ ವಾಪಸ್ಸು ಹಾಕಿಬಿಡಲಾ? ನನ್ನ ಭಾಮೈದ ಬಂದವನು ಹೋಗಿಯೇ ಇಲ್ಲ."

"ಅಂದ್ರೆ ಮನೆ ಒಗ್ಗಿಕೊಂಡದೆ ಅಂತಾಯ್ತು" ಎಂದು ಮಾವ ಸಂತೋಷಪಟ್ಟರು.

ಇಷ್ಟು ಹೊತ್ತಿಗೆ ಅವರ ಹೆಸರು ಸುತ್ತಲೂ ಹಬ್ಬಿತ್ತು. ಮಳವಳ್ಳಿ ಕಡೆಯ ಒಬ್ಬ ಪಟೇಲರು ಉಪ್ಪರಿಗೆ ಮನೆ ಕಟ್ಟಿಸಿದ್ದರು. ಬಣ್ಣದ ಗಾಜಿನ ಕಿಟಕಿ, ಕೆಂಪು ಗಾರೆಯ ನೆಲ. ಆದರೆ ಮನೆ ಕಟ್ಟಿಸಿದ ಪಟೇಲರೇ ಹೊತ್ತಾರೆಯಿಂದ ಸಂಜೆಯವರೆಗೆ ದನದ ಕೊಟ್ಟಿಗೆಯಲ್ಲಿ ಕೂರುತ್ತಿದ್ದರು. ಮಕ್ಕಳಿಗೆ ಅವಮಾನ. ಮಾವನನ್ನು ಕರೆಸಿದರು. ಮಾವ ಮನೆಯನ್ನು ಬಿಟ್ಟು ಕೊಟ್ಟಿಗೆಗೆ ಹೋಗಿ ಪಟೇಲರ ಪಕ್ಕ ಎರಡು ದಿನ ಕೂತರು. ಮೂರನೆಯ ದಿನ ವಿಷಯ ತಿಳಿಯಿತು. ಹಳೆಯ ಮನೆ ಕೆಡವಿದಾಗ ಉಳಿದ ಒಂದು ಕಂಬವನ್ನು ಕೊಟ್ಟಿಗೆಗೆ ನಿಲ್ಲಿಸಿದ್ದರು. ಪಟೇಲರು ಹುಡುಗರಾಗಿದ್ದಾಗಿನಿಂದ ಬೆನ್ನು ಕೊಟ್ಟು ಕೂತದ್ದು ಆ ಕಂಬಕ್ಕೆ.

ಮಾವ ಅದನ್ನು ಕೀಳಿಸಿ ಉಪ್ಪರಿಗೆ ಮನೆಯ ಪಡಸಾಲೆಯ ನಡುವೆ ನೆಡಿಸಿದರು. ಹೊಸ ಮನೆಯ ಸೂರು ಎತ್ತರ. ಕಂಬ ಮೇಲೆ ಮುಟ್ಟದೆ ಮೂರು ಮೊಳ ಕೆಳಗೇ ನಿಂತುಬಿಟ್ಟಿತು. ಬಂದವರೆಲ್ಲ ಕತ್ತೆತ್ತಿ ನೋಡಿ, "ಇದು ಯಾತಕ್ಕೆ ಆಧಾರ?" ಎಂದು ಕೇಳುವವರೇ.

"ಪಟೇಲ್ರ ಬೆನ್ನಿಗೆ" ಎನ್ನುತ್ತಿದ್ದರು ಮಾವ.

ಪಟೇಲರು ಒಳಗೆ ಬಂದು ಕೂತರು. ಮಕ್ಕಳು ಮಾವನಿಗೆ ಪಂಚೆ ಕೊಟ್ಟು ಶಲ್ಯ ಹೊದಿಸಿ ಕಳಿಸಿದರು. ಸೊಸೆಯರು ಕತ್ತಲೆಯಲ್ಲಿ ಆ ಕಂಬಕ್ಕೆ ಹಣೆ ಚಚ್ಚಿಕೊಂಡು ನಮ್ಮ ಮಾವನನ್ನು ಬೈಯುತ್ತಿದ್ದರಂತೆ. ಅದೂ ನಿಜವಿರಬೇಕು.

ನಾನು ಇದರಲ್ಲೆಲ್ಲ ಏನಾದರೊಂದು ಕ್ರಮ ಹುಡುಕಲು ನೋಡಿದೆ. ನಮ್ಮ ಮನೆಯಲ್ಲಿ ಹೊರಗಿದ್ದದ್ದು ಒಳಗೆ ಹೋಗಬೇಕಾಗಿತ್ತು, ಪಟೇಲರ ಮನೆಯಲ್ಲಿ ಹಳೆಯದು ಹೊಸದರ ನಡುವೆ ಬರಬೇಕಾಗಿತ್ತು. "ಯಾವುದು ಸರಿ ಮಾವ? ಒಂದು ಮಾತಲ್ಲಿ ಹೇಳಿ" ಎಂದು ಕೇಳಿದೆ.

"ಕಾಲು ನೋಡ್ದೆ ಮೆಟ್ಟು ಒಲಿಯಕ್ಕಾದದಾ ಮಗಾ?" ಎಂದರು. ಅರ್ಥವಾಯಿತು ಎಂದು ತಲೆಯಾಡಿಸಿದೆ. ಒಲೆಯ ಹತ್ತಿರ ಹೋಗಿ ಯೋಚಿಸಿದರೆ ಏನೂ ಅರ್ಥವಾಗಿರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ನಮಗೊಂದು ಹೆಣ್ಣುಮಗು ಆಯಿತು. ಬಾಣಂತನ ಮುಗಿಸಿಕೊಂಡು ಐದು ತಿಂಗಳ ಕೂಸನ್ನು ಮಂಡ್ಯಕ್ಕೆ ಕರೆತಂದೆ. ಒಳಕೋಣೆಯ ತೊಲೆಗೆ ಬೆತ್ತದ ತೊಟ್ಟಿಲು ಕಟ್ಟಿದೆವು. ಏಳನೆಯ ತಿಂಗಳಲ್ಲಿ ಅದಕ್ಕೆ ಜ್ವರ ಬಂತು. ಮೂರು ದಿನ. ಆಮೇಲೆ ತೊಟ್ಟಿಲು ಮಾತ್ರ ಇತ್ತು.

ಸುದ್ದಿ ತಿಳಿದು ಮಾವ ಮಾರನೆಯ ದಿನ ಬಂದರು. ದಾರಿಯಲ್ಲಿ ಬಸ್ಸು ಕೆಟ್ಟು, ಮಿಕ್ಕ ದೂರವನ್ನು ನಡೆದೇ ಬಂದಿದ್ದರು. ಮೊಣಕಾಲವರೆಗೆ ಧೂಳು. ಮೇಷ್ಟ್ರ ಹೆಂಡತಿ ನನ್ನ ಮೇಲಿನ ಕನಿಕರಕ್ಕೇ, "ಬರಿ ತೊಟ್ಟಿಲು ಕಣ್ಣೆದುರಿಗೆ ಇರಬಾರದು, ಬಿಚ್ಚಿಬಿಡಿ" ಎಂದರು. ನಮ್ಮವರು ಎದ್ದು ಹಗ್ಗಕ್ಕೆ ಕೈಹಾಕಿದರು.

"ಮುಟ್ಬೇಡ ಕಣ್ಲಾ" ಎಂದರು ಮಾವ. "ನಮ್ಮ ಸೊಸೆ ಬಾಯ್ಬುಟ್ಟು ಇಳ್ಸಿ ಅನ್ನೋಗಂಟ ಅದು ಅಲ್ಲೇ ಇರ್ಲಿ."

ಅವರು ಹೋಗಲಿಲ್ಲ, ಉಳಿದರು. ಊರಲ್ಲಿ ಕಬ್ಬಿಗೆ ನೀರು ಬಿಡುವ ಕಾಲ, ಆದರೂ ಉಳಿದರು. ಒಂದು ಚೊಂಬನ್ನೂ ಅತ್ತಿಂದಿತ್ತ ಸರಿಸಲಿಲ್ಲ. ಬಂದವರನ್ನು ಜಗಲಿಯ ಮೇಲೆಯೇ ಮಾತಾಡಿಸಿ ಕಳಿಸುತ್ತಿದ್ದರು. ಒಳಗೆ ಬಂದರೆ ತೊಟ್ಟಿಲಿಗೆ ತಗುಲದಂತೆ ಆ ಎತ್ತರದ ಮೈಯನ್ನು ಗೋಡೆಗೆ ಒತ್ತಿಕೊಂಡು ದಾಟುತ್ತಿದ್ದರು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಮಧ್ಯಾಹ್ನ, ನಾನೇ "ಇಳಿಸಿ ಮಾವ" ಎಂದೆ.

ಅವರು ಮಣೆ ಇಟ್ಟು, ಅದರ ಮೇಲೆ ಹತ್ತಿ, ಹಗ್ಗದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಕುಡುಗೋಲಿನಿಂದ ಕೊಯ್ದಿದ್ದರೆ ಒಂದು ಗಳಿಗೆಯ ಕೆಲಸ. ಅವರು ಬಿಚ್ಚಿದರು. ತೊಟ್ಟಿಲನ್ನು ಇಳಿಸಿಕೊಂಡು ನನ್ನ ಮುಂದೆ ನಿಂತರು.

"ಎಲ್ಲಿ ಮಡಗಾನ ಮಗಾ?"

ನಾನು ಅಟ್ಟ ನೋಡಿದೆ, ಮೂಲೆ ನೋಡಿದೆ, ಮಂಚದ ಕೆಳಗೆ ನೋಡಿದೆ. ಆ ಎರಡು ಕೋಣೆಗಳಲ್ಲಿ ಎಲ್ಲೂ ಅದಕ್ಕೆ ಜಾಗ ಕಾಣಲಿಲ್ಲ.

"ಗೊತ್ತಾಯ್ತಿಲ್ಲ ಮಾವ."

"ನಂಗೂ ಗೊತ್ತಾಯ್ತಿಲ್ಲ ಕಣವ್ವ" ಎಂದರು ಮಾವ.

ಅಲ್ಲೇ ಗೋಡೆಗೆ ಒರಗಿ ಕೂತು ತೊಟ್ಟಿಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ನಮ್ಮವರು ಕೆಲಸ ಮುಗಿಸಿ ಬರುವವರೆಗೂ ಅದು ಅಲ್ಲೇ ಇತ್ತು.