ಚಿಕ್ಕಮ್ಮನ ಮಚ್ಚು ಮತ್ತು ಮೆನಿ

ಅರಸೀಕೆರೆಯಲ್ಲಿ ಅಕ್ಕಿಯನ್ನು ಅಳೆಯದೆ, ಒಂದೊಂದಾಗಿ ಎಣಿಸಲು ಕೂತ ಏಕೈಕ ಗೃಹಿಣಿ ನಮ್ಮ ಚಿಕ್ಕಮ್ಮ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ! ನಾನಂತೂ ಅಲ್ಲೇ ಇದ್ದೆ. ನಮ್ಮ ಹಳ್ಳಿಯಲ್ಲಿ ಮಿಡ್ಲ್ ಸ್ಕೂಲ್ ಇರಲಿಲ್ಲವಾದ್ದರಿಂದ ಆಗ ಅವರ ಮನೆಯಲ್ಲಿದ್ದು ಓದುತ್ತಿದ್ದೆ.

ಚಿಕ್ಕಪ್ಪ ರೈಲ್ವೆ ಗುಮಾಸ್ತರು. ಒಮ್ಮೆ ಅವರ ಮೇಲಧಿಕಾರಿಯ ಹೆಂಡತಿ, ಕನ್ನಡ ಬಾರದವರು, ಮನೆಗೆ ಬಂದಾಗ ಚಿಕ್ಕಮ್ಮ "ಹೌ ಮಚ್ ಇಡ್ಲಿ?" ಎಂದರು. "ಹೌ ಮೆನಿ!" ಎಂದು ಆಕೆ ಬಾಯಿಗೆ ಸೆರಗಿಟ್ಟು ನಕ್ಕರು. ಮರುದಿನವೇ ಮನೆಗೆ ಇಂಗ್ಲಿಷ್ ವ್ಯಾಕರಣದ ಪುಸ್ತಕ ಬಂತು.

ಎಣಿಸಬಹುದಾದದ್ದಕ್ಕೆ ಮೆನಿ, ಎಣಿಸಲಾಗದ್ದಕ್ಕೆ ಮಚ್. ಇಡ್ಲಿಗೆ ಮೆನಿ, ಅಕ್ಕಿಗೆ ಮಚ್. ಚಿಕ್ಕಮ್ಮ ಕೆರಳಿದರು. "ಅಕ್ಕಿ ಎಣಿಸೋಕೆ ಬರಲ್ವಂತೆ ಕಣೇ! ಈ ಪುಸ್ತಕ ಬರೆದೋನು ಒಂದಿನಾನಾದ್ರೂ ಕಲ್ಲು ಆರಿಸಿದಾನಾ?"

ಪಾವು ಅಕ್ಕಿಯನ್ನು ಮೊರಕ್ಕೆ ಸುರಿದು ಎಣಿಸತೊಡಗಿದರು. ನೂರಕ್ಕೊಂದು ಹುಣಸೆಬೀಜ ಎತ್ತಿಡುವುದು ನನ್ನ ಕೆಲಸ. ಇಪ್ಪತ್ತೆರಡು ಬೀಜವಾಗುವಷ್ಟರಲ್ಲಿ ಚಿಕ್ಕಪ್ಪ ಊಟಕ್ಕೆ ಬಂದು, "ಅಡಿಗೆ ಆಯ್ತೇನೇ?" ಎಂದರು. ಲೆಕ್ಕ ತಪ್ಪಿತು! ಅವತ್ತು ಅವರಿಗೆ ಅವಲಕ್ಕಿಯೇ ಗತಿ. "ಆಗ್ಲಿ, ಎಣಿಸೋಕೆ ಬರಲ್ಲ" ಎಂದು ಚಿಕ್ಕಮ್ಮ ಇಂಗ್ಲಿಷರಿಗೆ ಅಷ್ಟು ಬಿಟ್ಟುಕೊಟ್ಟರು.

ಸಂತೆಯಲ್ಲಿ ತೆಂಗಿನಕಾಯಿಯವನನ್ನು "ಹೌ ಮಚ್?" ಎಂದು ಕೇಳಿದರೆ ಅವನು ಗೋಣಿಯಡಿಯಿಂದ ಆಯುಧವನ್ನೇ ಎತ್ತಿದ. "ಮಚ್ಚಾ? ಐತೆ ಕಣವ್ವ. ಯಾಕೆ, ಕಾಯಿ ಕೆತ್ತಾಕಾ?"

ಇನ್ನೊಂದು ದಿನ ಚಿಕ್ಕಪ್ಪ ಆಫೀಸಿನಿಂದ ಚೀಟಿ ಕಳಿಸಿದರು: 'ಫ್ಯೂ ಫ್ರೆಂಡ್ಸ್ ಕಮಿಂಗ್ ಫಾರ್ ಕಾಫಿ.' ಸಂಜೆ ನಾಲ್ವರು ಬಂದರು. ಒಲೆಯೇ ಹತ್ತಿರಲಿಲ್ಲ!

"ಚೀಟಿ ಬರ್ದಿದ್ನಲ್ಲೇ!"

"ಎಲ್ರೀ ನಿಮ್ಮ 'ಎ'? 'ಎ ಫ್ಯೂ' ಅಂದ್ರೆ ಕೆಲವರು. ಬರೀ 'ಫ್ಯೂ' ಅಂದ್ರೆ ಯಾರೂ ಇಲ್ಲ ಅನ್ನೋಷ್ಟು ಕಮ್ಮಿ. ಬರೋದೇ ಅನುಮಾನ ಅಂದ್ಕೊಂಡೆ."

ಅಂದಿನಿಂದ ಚಿಕ್ಕಪ್ಪ ಅಪಾಯ ಬೇಡವೆಂದು "ಎ ಸಾರು", "ಎ ಮಜ್ಜಿಗೆ" ಎಂದೇ ಕೇಳತೊಡಗಿದರು.

ಬೇಸಿಗೆ ರಜೆಯಲ್ಲಿ ಮೂವರೂ ಹಳೇಬೀಡಿಗೆ ಹೋದೆವು. ದೇವಸ್ಥಾನದ ಜಗಲಿಯ ಮೇಲೆ ಕ್ಯಾಮೆರಾ ಹಿಡಿದ ಬಿಳಿಯ ಹೆಂಗಸೊಬ್ಬಳು ಕೂತಿದ್ದಳು. ಚಿಕ್ಕಮ್ಮ ಬಿಟ್ಟಾರೆಯೇ? ನನ್ನನ್ನೂ ಕೂರಿಸಿಕೊಂಡು ಅವಳ ಪಕ್ಕದಲ್ಲೇ ಕೂತು, "ಹೌ ಮೆನಿ ಡೇಸ್ ಇನ್ ಇಂಡಿಯಾ?" ಎಂದು ಕೇಳಿದರು. ತಪ್ಪಿಲ್ಲ! ಆಕೆ ಇಪ್ಪತ್ತು ದಿನ ಎಂದಳು. ಮಾತು ಬೆಳೆಯಿತು. ಆಮೇಲೆ ಆಕೆ ನಗುತ್ತಲೇ ಕೇಳಿದಳು: "ಡು ಯು ಹ್ಯಾವ್ ಎನಿ ಚಿಲ್ಡ್ರನ್?"

ಮಕ್ಕಳಿದ್ದಾರಾ ಎಂದು ಕನ್ನಡದಲ್ಲಿ ಯಾರಾದರೂ ಕೇಳಿದರೆ ಚಿಕ್ಕಮ್ಮ ತಲೆ ತಗ್ಗಿಸಿ ಅಲ್ಲಿಂದ ಎದ್ದುಬಿಡುತ್ತಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಚಿಕ್ಕಪ್ಪ ಗೋಡೆಯ ಆನೆಗಳ ಕಡೆ ತಿರುಗಿ ನಿಂತರು.

ಚಿಕ್ಕಮ್ಮ ಏಳಲಿಲ್ಲ. ನನ್ನನ್ನು ಹತ್ತಿರಕ್ಕೆಳೆದು ಭುಜದ ಮೇಲೆ ಕೈಯಿಟ್ಟು, "ಯೆಸ್. ಸಮ್" ಎಂದರು.

ಸಮ್ ಎಂದರೆ ಕೆಲವರು. ಆಕೆ ಉಳಿದವರಿಗಾಗಿ ಅತ್ತಿತ್ತ ನೋಡಿದಳು. ಒಬ್ಬಳಿಗೆ ಹಾಗೆನ್ನಬಾರದೆಂದು ನನಗೂ ಗೊತ್ತಿತ್ತು, ಚಿಕ್ಕಮ್ಮನಿಗೆ ಗೊತ್ತಿರಲಿಲ್ಲವೇ? ನಾನು ಚಿಕ್ಕಮ್ಮನಿಗೆ ಇನ್ನಷ್ಟು ಒತ್ತಿಕೊಂಡು ಕೂತೆ.