ಎಡಗಿವಿಯೋ ಬಲಗಿವಿಯೋ

ಜನವರಿಯ ಹಿಮ ಬಿದ್ದು ಟೀ ಗಿಡಗಳ ತಲೆಯೆಲ್ಲ ಸುಟ್ಟಂತಾಗಿದ್ದ ಕಾಲ. ಗುರುವಾರ ಬೆಳಗ್ಗೆ, ಬಿಸಿಲು ಇನ್ನೂ ಹಟ್ಟಿಗೆ ಇಳಿದಿರಲಿಲ್ಲ. ನೆಂಟರ ಹೊಸ ಮನೆಯ ಊಟಕ್ಕೆಂದು ಲಿಂಗ ಒಗೆದ ಬಿಳಿ ಮುಂಡು ಉಟ್ಟು ಅಂಗಳಕ್ಕೆ ಕಾಲಿಟ್ಟ. ಅಷ್ಟೇ. ಜಿಪ್ಸಿ ಹಾರಿ ಬಂತು.

ಜಿಪ್ಸಿ ಅಂದರೆ ಮೊಮ್ಮಗಳು ಸಿಂಧುಜಾಳ ಟೆರಿಯರ್ ನಾಯಿ. ಬಿಳಿ ಮೈ, ಒಂದು ಕಿವಿ ಕಂದು. ಗಾತ್ರ ಒಂದು ಎಲೆಕೋಸಿನಷ್ಟು, ಪ್ರೀತಿ ಒಂದು ಲಾರಿಯಷ್ಟು. ಹಾಲಿನವನು ಬರಲಿ, ಕರೆಂಟಿನವನು ಬರಲಿ, ಕಳ್ಳನೇ ಬರಲಿ, ದೂರದಿಂದ ಅಣ್ಣ ಬಂದ ಹಾಗೆ ಮುಖ ನೆಕ್ಕಿ ಒಳಗೆ ಕರೆಯುವ ಜಾತಿ.

ಮುಂಡಿನ ಮೇಲೆ ಕೆಂಪು ಮಣ್ಣಿನ ಹೆಜ್ಜೆ ಮೂಡಿದವು.

"ಹೋಗಾಚೆ, ದರಿದ್ರದ್ದೇ! ಈ ಮನೆಗೆ ಇನ್ನು ಬರಬೇಡ!"

ಎರಡು ವರ್ಷದಲ್ಲಿ ಲಿಂಗನ ಒಂದು ಮಾತನ್ನೂ ಕೇಳದ ನಾಯಿ ಅವತ್ತು ಮೊದಲ ಸಲ ಕೇಳಿತು. ಅವನು ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ನಾಯಿ ಇಲ್ಲ.

"ಸಂಜೆ ಮಗು ಸ್ಕೂಲಿಂದ ಬಂದು ಜಿಪ್ಸಿ ಎಲ್ಲಿ ಅಂದರೆ ನೀನೇ ಹೇಳು," ಅಂದಳು ಹೆಂಡತಿ ಮಾದಿ. "ನಾನು ಹೇಳೋದು ಒಂದೇ, ಅಜ್ಜ ಓಡಿಸಿದ ಅಂತ."

ಲಿಂಗನ ಹಳೇ ಕತೆಗಳನ್ನು ಆಕಳಿಸದೆ ಕೊನೇತನಕ ಕೇಳುವ ಜೀವ ಆ ಹಟ್ಟಿಯಲ್ಲಿ ಮೊಮ್ಮಗಳೊಬ್ಬಳೇ. ಅವಳೂ ಮಾತು ಬಿಟ್ಟರೆ ಅವನು ಟೀ ಗಿಡಗಳಿಗೆ ಕತೆ ಹೇಳಬೇಕು.

ಬೇಲಿಯಾಚೆಯಿಂದ ಹಾಲಿ ಕೂಗಿದ. ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ಊರಲ್ಲಿ ನಡೆದದ್ದನ್ನೆಲ್ಲ ಕಾಣುವ ಮನುಷ್ಯ. "ಲಿಂಗಣ್ಣ, ಬಿಳೀದೊಂದು ಟೀ ಎಲೆಯ ಲಾರಿಗೆ ಹಾರಿದ್ದನ್ನ ಈ ಕಣ್ಣಾರೆ ಕಂಡೆ! ಓಡು ಫ್ಯಾಕ್ಟರಿಗೆ!"

ಲಿಂಗ ಓಡಿದ. ಟೀ ಫ್ಯಾಕ್ಟರಿಯಲ್ಲಿ ಮೂಟೆ ಮೂಟೆ ಬಿಚ್ಚಿ "ಜಿಪ್ಸೀ" ಅಂದ. ಬಾಡಲು ಹರಡಿದ್ದ ಎಲೆಯೊಳಗೆ ತಲೆ ತೂರಿಸಿ "ನನ್ನ ಬಿಳೀ ನಾಯೀ, ಬಾ ಕಂದಾ" ಅಂದ. ಮುಂಡು ಹಸಿರಾಯಿತು. ಸೂಪರ್‌ವೈಸರ್ ಕಾರ್ತಿಕೇಯನ್ ಓಡಿ ಬಂದ.

"ಅಯ್ಯೋ ಗೌಡರೇ, ಟೀಯಲ್ಲಿ ನಾಯಿ ಇದೆ ಅಂತ ಕೂಗಬೇಡಿ, ಕೊಳ್ಳೋರು ಬಂದಿದ್ದಾರೆ! ಬಿಳೀ ನಾಯಿ ತಾನೇ? ಪಕ್ಕದ ವೆಲ್ಲಿಂಗ್ಟನ್‌ನಲ್ಲಿ ಬಸ್ ಸ್ಟಾಪ್ ಹತ್ತಿರ ಒಬ್ಬ ರಿಟೈರ್ಡ್ ಮೇಜರ್ ಕೈಯಲ್ಲಿ ಈಗ ತಾನೇ ಕಂಡೆ. ಮೊದಲು ಅಲ್ಲಿಗೆ ಹೋಗಿ!"

ಮೇಜರ್ ತನ್ನ ಮನೆ ಗೇಟಿನ ಮುಂದೇ ನಿಂತಿದ್ದ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಜಿಪ್ಸಿ! ಲಿಂಗನನ್ನು ಕಂಡದ್ದೇ ಹಗ್ಗ ಜಗ್ಗಿಕೊಂಡು ಬಂದು ಎದೆಗೆ ಹಾರಿ ಮೂಗು, ಮೀಸೆ, ಕನ್ನಡಕ ಎಲ್ಲ ನೆಕ್ಕಿತು.

"ನನ್ನ ನಾಯಿ ಕೊಡಿ ಸಾರ್!"

"ನಿಮ್ಮದಾ?" ಮೇಜರ್ ಕಣ್ಣು ಅರಳಿತು. "ನಿಮ್ಮ ನಾಯಿಗೆ ಯಾವ ಕಿವಿ ಕಂದು ಹೇಳಿ ನೋಡೋಣ."

ಲಿಂಗ ಕಣ್ಣು ಮುಚ್ಚಿ ಯೋಚಿಸಿದ. ಎರಡು ವರ್ಷ ಒಂದೇ ಮನೆಯಲ್ಲಿ ಅನ್ನ ತಿಂದಿದ್ದರೂ ನೆನಪಾದದ್ದು ನಾಲಿಗೆ ಮಾತ್ರ.

"ನಾಯಿಗೆ ಕಿವಿ ಯಾರು ನೋಡ್ತಾರೆ ಸಾರ್? ಪ್ರೀತಿ ನೋಡಿ! ಗುರುತಿಲ್ಲದವನನ್ನ ಹೀಗೆ ನೆಕ್ಕುತ್ತಾ? ಕೊಡದಿದ್ದರೆ ನಾನು ಇಲ್ಲಿಂದ ಏಳೋದಿಲ್ಲ!" ಎಂದು ಗೇಟಿಗೆ ಅಡ್ಡ ಕೂತೇಬಿಟ್ಟ.

ಎದುರು ಟೀ ಅಂಗಡಿಯ ಮಲರ್‌ಕೊಡಿ ಸೆರಗಿನಿಂದ ಕಣ್ಣೊರೆಸಿದಳು. "ಪಾಪ, ಕೊಟ್ಟುಬಿಡಿ ಸಾರ್, ಪುಣ್ಯ ಬರುತ್ತೆ."

"ಅಷ್ಟು ಪ್ರೀತಿ ಇದ್ದ ಮೇಲೆ ನಡುವೆ ನಾನ್ಯಾರು?" ಅಂದ ಮೇಜರ್. ಹಗ್ಗ ಕೊಟ್ಟ. ಒಳಗೆ ಹೋಗಿ ನಾಯಿ ಬಿಸ್ಕತ್ತು, ತಟ್ಟೆ, ಒಂದು ಕಂಬಳಿಯನ್ನೂ ತಂದುಕೊಟ್ಟ. ಬಸ್ ಹತ್ತಿಸಿ, ಬಸ್ ತಿರುವು ದಾಟುವ ತನಕ ನಿಂತು ಸಲ್ಯೂಟ್ ಹೊಡೆದ. ಮಿಲಿಟರಿಯವರ ಮನಸ್ಸೇ ದೊಡ್ಡದು ಎಂದುಕೊಂಡು ಲಿಂಗ ಕಿಟಕಿಯಿಂದ ತಾನೂ ಸಲ್ಯೂಟ್ ಹೊಡೆದ.

ದಾರಿಯಲ್ಲಿ ನಾಯಿ ಕಂಡಕ್ಟರನನ್ನು ನೆಕ್ಕಿತು, ಒಬ್ಬ ಮದುಮಗನನ್ನು ನೆಕ್ಕಿತು. ಲಿಂಗ ಎಲ್ಲರಿಗೂ ಕೈಮುಗಿದು ಊರು ಸೇರಿದಾಗ ಸ್ಕೂಲ್ ವ್ಯಾನ್ ಬಂದು ನಿಂತಿತು. ಸಿಂಧುಜಾ ಇಳಿದಳು. ಅವಳ ಕಂಕುಳಲ್ಲಿ ಜಿಪ್ಸಿ ಇತ್ತು.

"ಅಜ್ಜಾ, ಇದು ವ್ಯಾನ್ ಹಿಂದೇನೇ ಸ್ಕೂಲಿಗೆ ಓಡಿ ಬಂತು! ಮಿಸ್ಸನ್ನೂ ನೆಕ್ಕಿ..." ಅಷ್ಟರಲ್ಲಿ ಅಜ್ಜನ ಕೈಯ ಹಗ್ಗದ ತುದಿ ಅವಳ ಕಣ್ಣಿಗೆ ಬಿತ್ತು.

ಅವಳದಕ್ಕೆ ಎಡಗಿವಿ ಕಂದು. ಇವನದಕ್ಕೆ ಬಲಗಿವಿ.

ಬಾಗಿಲಲ್ಲಿ ನಿಂತಿದ್ದ ಮಾದಿ, "ಹೋದದ್ದು ಒಂದು, ಬಂದದ್ದು ಎರಡು. ಇದನ್ನ ಎಲ್ಲಿ ಕದ್ದೆ?" ಅಂದಳು. ಲಿಂಗ ಮೇಜರ್ ಸಂಗತಿ ಹೇಳಿದ.

"ಮಿಲಿಟರಿಯವರ ನಾಯಿ ಕದ್ದರೆ ಜಾಮೀನೂ ಇಲ್ಲವಂತೆ," ಎಂದು ಹಾಲಿ ಬೇಲಿಯಾಚೆಯಿಂದ ಖುಷಿಯಾಗಿ ಹೇಳಿದ.

ಸಿಂಧುಜಾ ಮಾತ್ರ ಅಜ್ಜನ ಕುತ್ತಿಗೆಗೆ ಜೋತುಬಿದ್ದಳು. "ಜಿಪ್ಸಿಗೆ ಜೊತೆ ತಂದ್ಯಾ ಅಜ್ಜಾ?"

ಇಲ್ಲ ಅನ್ನಲು ಬಾಯಿ ತೆರೆದ. ಎರಡು ನಾಲಿಗೆ ಒಟ್ಟಿಗೆ ಬಂದು ಬಾಯಿ ಮುಚ್ಚಿಸಿದವು.

ಮರುದಿನ ಮಗು ಸ್ಕೂಲಿಗೆ ಹೋದ ಮೇಲೆ, ಪೊಲೀಸರು ಬರುವ ಮುಂಚೆ ಮೇಜರ್ ಕಾಲಿಗೆ ಬೀಳೋಣವೆಂದು ಅವನು ನಾಯಿ, ಕಂಬಳಿ, ತಟ್ಟೆ ಸಮೇತ ವೆಲ್ಲಿಂಗ್ಟನ್‌ಗೆ ಹೋದ. ಗೇಟಿಗೆ ಬೀಗ. ತೋಟದ ಕೆಲಸದ ನಂಜುಂಡನ್ ಮಾತ್ರ ಒಣಗಿದ ಎಲೆ ಗುಡಿಸುತ್ತಿದ್ದ.

"ಸಾರ್ ಮನೆ ಖಾಲಿ ಮಾಡಿ ಪುಣೆಗೆ ಹೋದರು ಅಣ್ಣಾ, ಮಗಳ ಮನೆಗೆ. ಅಲ್ಲಿ ನಾಯಿ ಸೇರಿಸೋಲ್ವಂತೆ. ಒಂದು ತಿಂಗಳಿಂದ ಬಸ್ ಸ್ಟಾಪಲ್ಲಿ ನಿಂತು ಕಂಡಕಂಡವರಿಗೆಲ್ಲ ‘ಬೇಕಾ, ಬೇಕಾ’ ಅಂತ ಕೇಳಿದರು. ಒಬ್ಬರೂ ಕೈ ಚಾಚಲಿಲ್ಲ. ನೀವು ಒಬ್ಬರೇ ನೋಡಿ, ಗೇಟಿಗೆ ಅಡ್ಡ ಕೂತು ಜಗಳ ಆಡಿ ಒಯ್ದವರು. ಆ ಖುಷಿಗೆ ನನಗೆ ಈ ಸ್ವೆಟರ್ ಕೊಟ್ಟರು."

"ಹೋದದ್ದು ಯಾವಾಗ?"

"ಇವತ್ತೇ, ಬೆಳಕು ಹರಿಯೋ ಮುಂಚೆ. ಕಾರು ತಿರುವು ದಾಟೋ ತನಕ ಹಿಂದೆ ತಿರುಗಿ ತಿರುಗಿ ನೋಡ್ತಿದ್ದರು, ನೀವೆಲ್ಲಿ ವಾಪಸ್ ಬಂದುಬಿಡ್ತೀರೋ ಅಂತ."

ಹೀಗೆ ಮೇಜರ್ ಸಾಹೇಬರು ಬೆಟ್ಟ ಇಳಿದು ಹೋದದ್ದು ಶುಕ್ರವಾರ.